ಎಪಿಸ್ಕೋಪಲ್ ಸಭೆಯ ಬದುಕು ಮತ್ತು ಆರಾಧನಾ ವರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಎಪಿಸ್ಕೋಪಲ್ ಸಭೆಯ ಬಗ್ಗೆ ವಿಚಾರಿಸುವವರು ಸಾಮಾನ್ಯವಾಗಿ ಮೂರು ಬಗೆಯವರು: ಊರಿನಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದು ಇಲ್ಲಿ ಒಂದು ಸಭೆಯನ್ನು ಹುಡುಕುತ್ತಿರುವವರು, ನೆರೆಹೊರೆಯವರೋ ಸಹೋದ್ಯೋಗಿಗಳೋ ಕ್ರಿಸ್ಮಸ್ಸಿಗೆ ಕರೆದಿದ್ದರಿಂದ ಹೋಗುವುದೋ ಬಿಡುವುದೋ ಎಂದು ಯೋಚಿಸುತ್ತಿರುವವರು, ಮತ್ತು ಮಕ್ಕಳ ಮನೆಯಲ್ಲಿ ಕೆಲವು ತಿಂಗಳು ಇರಲು ಬಂದ ಹಿರಿಯರು. ಇಲ್ಲಿನ ಉತ್ತರಗಳನ್ನು ಅಂಥ ಒಂದು ಸಭೆಯ ಸಾಮಾನ್ಯ ಸದಸ್ಯನ ದೃಷ್ಟಿಯಿಂದ ಬರೆಯಲಾಗಿದೆ. ಸಭೆಯಿಂದ ಸಭೆಗೆ ರೂಢಿಗಳು ತುಸು ಬದಲಾಗುತ್ತವೆ ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ಎಪಿಸ್ಕೋಪಲ್ ಸಭೆ ಎಂದರೆ ಯಾವುದು? ನಮ್ಮ ಸಿ.ಎಸ್.ಐ.ಗೂ ಅದಕ್ಕೂ ಏನು ಸಂಬಂಧ?

ಇದು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಿಂದ ಕವಲೊಡೆದ ಅಮೆರಿಕದ ಸಭೆ. ಅಮೆರಿಕ ಸ್ವತಂತ್ರವಾದಾಗ ಅಲ್ಲಿನ ಆಂಗ್ಲಿಕನ್ನರು ಇಕ್ಕಟ್ಟಿಗೆ ಸಿಲುಕಿದರು: ಬಿಷಪ್ ಇಲ್ಲದೆ ಯಾಜಕರಿಗೆ ದೀಕ್ಷೆ ಕೊಡುವವರಿಲ್ಲ, ಇಂಗ್ಲೆಂಡಿಗೆ ಹೋಗಿ ಬಿಷಪ್ ಆಗೋಣವೆಂದರೆ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಕನೆಕ್ಟಿಕಟ್‌ನ ಸ್ಯಾಮ್ಯುಯೆಲ್ ಸೀಬರಿಯವರು ಸ್ಕಾಟ್ಲೆಂಡಿನ ದಾರಿ ಹಿಡಿದು, 1784ರ ನವೆಂಬರ್ 14ರಂದು ಅಬರ್ಡೀನ್‌ನಲ್ಲಿ ಅಲ್ಲಿನ ಬಿಷಪ್ಪರ ಕೈಯಿಂದ ಅಭಿಷೇಕ ಪಡೆದು ಮರಳಿದರು. 1789ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಮಹಾಸಮ್ಮೇಳನವು ಈ ಸಭೆಗೆ ತನ್ನದೇ ನಿಯಮಾವಳಿಯನ್ನೂ ಪ್ರಾರ್ಥನಾ ಪುಸ್ತಕವನ್ನೂ ಕೊಟ್ಟಿತು. ಈಗ ಬಳಕೆಯಲ್ಲಿರುವ ಪುಸ್ತಕ 1979ರದು.

ಸಿ.ಎಸ್.ಐ. ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಅಂದು ಒಂದಾದವು. ಇಂದು ಎರಡು ಸಭೆಗಳೂ ಜಾಗತಿಕ ಆಂಗ್ಲಿಕನ್ ಒಕ್ಕೂಟದ ಸದಸ್ಯರು. ಆದ್ದರಿಂದ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್‌ನಂಥ ಹಳೆಯ ಆಂಗ್ಲಿಕನ್ ಮನೆಯಲ್ಲಿ ಬೆಳೆದವರಿಗೆ ಇಲ್ಲಿನ ಆರಾಧನಾ ಕ್ರಮ ಬಹುಪಾಲು ಪರಿಚಿತವೆನಿಸುತ್ತದೆ. ವೆಸ್ಲಿಯನ್ ಹಿನ್ನೆಲೆಯ ಹಡ್ಸನ್ ಸ್ಮಾರಕ ಸಭೆಯಿಂದಲೋ, ಬಾಸೆಲ್ ಮಿಷನ್ ಮೂಲದ ಸಭೆಗಳಿಂದಲೋ ಬಂದವರಿಗೆ ಮಾತ್ರ ಮೇಣದ ಬತ್ತಿ, ನಿಲುವಂಗಿ, ಶಿಲುಬೆಯ ಗುರುತು, ಕೆಲವೆಡೆ ಧೂಪವೂ ಸೇರಿ, ಮೊದಮೊದಲು ಇಷ್ಟೆಲ್ಲ ಏಕೆ ಎನ್ನಿಸುವುದುಂಟು. ಅದು ಕೆಲವೇ ವಾರಗಳ ಮುಜುಗರ.

ಕ್ರೈಸ್ತರಲ್ಲದವರು ಆರಾಧನೆಗೆ ಬರಬಹುದೇ?

ಧಾರಾಳವಾಗಿ ಬರಬಹುದು. ಬಾಗಿಲಲ್ಲಿ ನಿಂತವರು ನಿಮ್ಮ ಧರ್ಮವನ್ನು ಕೇಳುವುದಿಲ್ಲ, ಕೈಗೆ ಅಂದಿನ ಆರಾಧನಾ ಕ್ರಮದ ಹಾಳೆಯನ್ನು ಕೊಟ್ಟು ಒಳಗೆ ಬಿಡುತ್ತಾರೆ. ಎಲ್ಲರೂ ಎದ್ದಾಗ ಎದ್ದು, ಕುಳಿತಾಗ ಕುಳಿತರೆ ಸಾಕು. ಮೊಣಕಾಲೂರುವುದು, ಹಾಡುವುದು, ವಿಶ್ವಾಸಪ್ರಮಾಣವನ್ನು ಹೇಳುವುದು ಅವರವರ ಇಚ್ಛೆ. ಮತಾಂತರದ ಒತ್ತಡ ಬರುತ್ತದೆಯೇ ಎಂಬ ಅಳುಕು ಹಲವರಲ್ಲಿ ಇರುತ್ತದೆ. ಈ ಸಭೆಯವರು ಸ್ವಭಾವತಃ ಅಂಥದ್ದಕ್ಕೆ ಸಂಕೋಚಪಡುವ ಜನ. ಇತರ ಸಭೆಗಳವರು ಅವರನ್ನು ಅದಕ್ಕಾಗಿ ಗೇಲಿ ಮಾಡುವುದೂ ಇದೆ.

ಭಾನುವಾರದ ಆರಾಧನೆ ಹೇಗೆ ನಡೆಯುತ್ತದೆ?

ಸುಮಾರು ಒಂದು ಗಂಟೆ ಕಾಲಾವಧಿಯ ಈ ಆರಾಧನೆಗೆ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ಬೈಬಲ್ಲಿನ ಹಳೆಯ ಒಡಂಬಡಿಕೆಯಿಂದ ಒಂದು ಪಾಠ, ಒಂದು ಕೀರ್ತನೆ, ಹೊಸ ಒಡಂಬಡಿಕೆಯ ಪತ್ರಗಳಿಂದ ಒಂದು ಪಾಠ, ಕೊನೆಗೆ ಸುವಾರ್ತೆ, ಅಂದರೆ ಕ್ರಿಸ್ತನ ಬದುಕಿನ ವೃತ್ತಾಂತ. ಸುವಾರ್ತೆಯ ಪುಸ್ತಕವನ್ನು ಹಲವು ಸಭೆಗಳಲ್ಲಿ ಜನರ ನಡುವಿಗೆ ತಂದು ಓದುತ್ತಾರೆ, ಎಲ್ಲರೂ ಎದ್ದು ಅದರ ಕಡೆಗೆ ತಿರುಗಿ ನಿಲ್ಲುತ್ತಾರೆ. ಪಾಠಗಳನ್ನು ಅಯ್ಯನವರು, ಅಂದರೆ ಯಾಜಕರು, ತಮಗೆ ತೋಚಿದಂತೆ ಆರಿಸುವುದಿಲ್ಲ. ಮೂರು ವರ್ಷಗಳ ಚಕ್ರದಲ್ಲಿ ಅವು ಮೊದಲೇ ಗೊತ್ತಾಗಿರುತ್ತವೆ. ಒಂದು ವರ್ಷ ಮತ್ತಾಯನ ಸುವಾರ್ತೆ, ಮರುವರ್ಷ ಮಾರ್ಕ, ಆಮೇಲೆ ಲೂಕ ಮುಖ್ಯವಾಗಿ ಬಂದರೆ, ಯೋಹಾನನು ಹಬ್ಬದ ಕಾಲಗಳಲ್ಲಿ ನಡುನಡುವೆ ಬರುತ್ತಾನೆ. ಇದರ ಲಾಭವೇನೆಂದರೆ, ಬೋಧಕರು ತಮಗೆ ಪ್ರಿಯವಾದ ನಾಲ್ಕು ವಚನಗಳಲ್ಲೇ ಸುತ್ತುತ್ತಿರಲು ಆಗುವುದಿಲ್ಲ, ಕಷ್ಟದ ವಾಕ್ಯಗಳನ್ನೂ ಎದುರಿಸಲೇಬೇಕಾಗುತ್ತದೆ.

ಪ್ರಸಂಗ, ವಿಶ್ವಾಸಪ್ರಮಾಣ, ಪಾಪನಿವೇದನೆಗಳ ನಂತರ ಸಮಾಧಾನದ ವಂದನೆ ನಡೆಯುತ್ತದೆ. ಆಗ ಅಕ್ಕಪಕ್ಕದವರು ಕೈಕುಲುಕುತ್ತಾರೆ. ಕೈಮುಗಿದು ವಂದಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಎರಡನೆಯ ಭಾಗವೇ ಕರ್ತನ ಭೋಜನ, ಅಂದರೆ ಕ್ರಿಸ್ತನ ನೆನಪಿನಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ವಿಧಿ.

ಕರ್ತನ ಭೋಜನದಲ್ಲಿ ಯಾರು ಪಾಲ್ಗೊಳ್ಳಬಹುದು? ದ್ರಾಕ್ಷಾರಸವನ್ನು ಕುಡಿಯಲೇಬೇಕೇ?

ಸಭೆಯ ನಿಯಮದ ಪ್ರಕಾರ ಯಾವುದೇ ಕ್ರೈಸ್ತ ಪಂಗಡದಲ್ಲಿ ದೀಕ್ಷಾಸ್ನಾನ ಪಡೆದವರು ಪಾಲ್ಗೊಳ್ಳಬಹುದು. ಕೆಲವು ಸಭೆಗಳು ಇನ್ನೂ ಮುಂದೆ ಹೋಗಿ ಬಂದವರೆಲ್ಲರನ್ನೂ ಕರೆಯುತ್ತವೆ. ಇದರ ಬಗ್ಗೆ ಸಭೆಯೊಳಗೆ ಚರ್ಚೆ ನಡೆಯುತ್ತಲೇ ಇದೆ. ದೀಕ್ಷಾಸ್ನಾನವಾಗದವರು ಎದೆಯ ಮೇಲೆ ಕೈಗಳನ್ನು ಅಡ್ಡಲಾಗಿ ಇಟ್ಟುಕೊಂಡು ಮುಂದೆ ಹೋದರೆ ಯಾಜಕರು ಆಶೀರ್ವಾದ ಮಾಡುತ್ತಾರೆ. ಕುಳಿತಲ್ಲೇ ಕುಳಿತಿದ್ದರೂ ಯಾರ ಹುಬ್ಬೂ ಏರುವುದಿಲ್ಲ.

ಬಟ್ಟಲಲ್ಲಿರುವುದು ನಿಜವಾದ ವೈನ್, ಮತ್ತು ಎಲ್ಲರಿಗೂ ಒಂದೇ ಬಟ್ಟಲು. ಮದ್ಯ ಮುಟ್ಟದವರು ರೊಟ್ಟಿಯನ್ನಷ್ಟೇ ತೆಗೆದುಕೊಂಡರೂ ಅದು ಪೂರ್ಣ ಭೋಜನವೆಂದೇ ಸಭೆಯ ಬೋಧನೆ. ಗೋಧಿಯ ತೊಂದರೆ ಇರುವವರಿಗೆ ಬೇರೆ ಬಿಲ್ಲೆಗಳನ್ನು ಹಲವೆಡೆ ಇಟ್ಟಿರುತ್ತಾರೆ, ಕೇಳಿದರೆ ಕೊಡುತ್ತಾರೆ.

ಏನು ಉಟ್ಟುಕೊಂಡು ಹೋಗಬೇಕು? ಚಪ್ಪಲಿ ಬಿಡಬೇಕೇ?

ಸೀರೆಯೂ ಸರಿ, ಜೀನ್ಸೂ ಸರಿ. ಪಾದರಕ್ಷೆಯನ್ನು ಹೊರಗೆ ಬಿಡುವ ರೂಢಿ ಇಲ್ಲಿಲ್ಲ; ಜನವರಿಯಲ್ಲಿ ಬಿಟ್ಟರೆ ಮರಳಿ ಬರುವಷ್ಟರಲ್ಲಿ ಅದರೊಳಗೆ ಹಿಮ ತುಂಬಿರುತ್ತದೆ.

ಆರಾಧನೆ ಮುಗಿದ ಮೇಲೆ ಎಲ್ಲರೂ ಕಾಫಿಗೆ ಏಕೆ ಕರೆಯುತ್ತಾರೆ? ಸಸ್ಯಾಹಾರಿಗಳಿಗೆ ಏನಾದರೂ ಇರುತ್ತದೆಯೇ?

ಈ ಕಾಫಿಯ ಹೊತ್ತನ್ನು ಆರಾಧನೆಯ ಮೂರನೆಯ ಭಾಗ ಎಂದರೂ ತಪ್ಪಾಗದು. ಯಾರ ಶಸ್ತ್ರಚಿಕಿತ್ಸೆ ಯಾವಾಗ, ಯಾರ ಕೆಲಸ ಹೋಯಿತು, ಯಾರಿಗೆ ಊಟ ತಲುಪಿಸಬೇಕು ಎಂಬುದೆಲ್ಲ ತಿಳಿಯುವುದು ನೆಲಮಾಳಿಗೆಯ ಆ ಸಭಾಂಗಣದಲ್ಲಿಯೇ. ಕಾಫಿ ನಮ್ಮ ಫಿಲ್ಟರ್ ಕಾಫಿಯ ಹತ್ತಿರಕ್ಕೂ ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತನ. ಹಣ್ಣು, ಬಿಸ್ಕತ್ತು, ಚೀಸ್, ಕೇಕ್ ಇರುತ್ತವೆ. ಎಲ್ಲರೂ ಒಂದೊಂದು ತಿನಿಸು ತಂದು ಹಂಚಿಕೊಳ್ಳುವ ಊಟಗಳಲ್ಲಿ ಮಾತ್ರ ಸಸ್ಯಾಹಾರಿಗಳು ವಿಚಾರಿಸಿ ಬಡಿಸಿಕೊಳ್ಳಬೇಕು: ಹುರುಳಿಕಾಯಿಯ ಪಲ್ಯದಂತೆ ಕಾಣುವುದರಲ್ಲಿ ಬೇಕನ್ ಇರಬಹುದು, ಸೂಪಿಗೆ ಕೋಳಿಯ ರಸ ಬಿದ್ದಿರಬಹುದು, ಅಲುಗಾಡುವ ಬಣ್ಣದ ಸಿಹಿಯಲ್ಲಿ ಜೆಲಟಿನ್ ಇರುತ್ತದೆ. ಚಿತ್ರಾನ್ನವನ್ನು ಒಮ್ಮೆ ಒಯ್ದು ನೋಡಿ. ಮುಂದಿನ ಸಲ ಅದನ್ನೇ ತರಬೇಕೆಂದು ಅವರೇ ಹೇಳುತ್ತಾರೆ.

ಸಭೆಯನ್ನು ನಡೆಸುವವರು ಯಾರು? ಅಯ್ಯನವರಿಗೆ ವರ್ಗಾವಣೆ ಇದೆಯೇ?

ಊರಿನಿಂದ ಬಂದವರಿಗೆ ಅತ್ಯಂತ ಹೊಸದೆನಿಸುವ ಸಂಗತಿ ಇದು. ಸಿ.ಎಸ್.ಐ.ನಲ್ಲಿ ಸಭಾಪಾಲಕರನ್ನು ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತ ವಲಯ, ಕಳಿಸುತ್ತದೆ, ಕೆಲವು ವರ್ಷಗಳಾದ ಮೇಲೆ ಬೇರೆಡೆಗೆ ವರ್ಗ ಮಾಡುತ್ತದೆ. ಎಪಿಸ್ಕೋಪಲ್ ಸಭೆಯಲ್ಲಿ ಸ್ವಾವಲಂಬಿಯಾದ ಪ್ರತಿ ಸಭೆಯೂ ತನ್ನ ಮುಖ್ಯ ಯಾಜಕರನ್ನು, ಅಂದರೆ ರೆಕ್ಟರ್ ಅವರನ್ನು, ತಾನೇ ಹುಡುಕಿ ಕರೆಯುತ್ತದೆ. ಒಬ್ಬರು ನಿವೃತ್ತರಾದರೆ ಶೋಧನಾ ಸಮಿತಿ ರಚನೆಯಾಗುತ್ತದೆ, ಅದು ಸಭೆಯ ಪರಿಚಯಪತ್ರವನ್ನು ಸಿದ್ಧಪಡಿಸುತ್ತದೆ, ಅರ್ಜಿಗಳು ಬರುತ್ತವೆ, ಸಂದರ್ಶನಗಳು ನಡೆಯುತ್ತವೆ, ಕೊನೆಗೆ ಬಿಷಪ್ಪರನ್ನು ಕೇಳಿಕೊಂಡು ಒಬ್ಬರನ್ನು ಆರಿಸಲಾಗುತ್ತದೆ. ಇದಕ್ಕೆ ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಬಹುದು. ಆ ಅವಧಿಯಲ್ಲಿ ತಾತ್ಕಾಲಿಕ ಯಾಜಕರೊಬ್ಬರು ಸೇವೆ ಸಲ್ಲಿಸುತ್ತಾರೆ, ಸಭೆ ಉಸಿರು ಬಿಗಿಹಿಡಿದು ಕಾಯುತ್ತದೆ.

ಹಣ ಮತ್ತು ಕಟ್ಟಡದ ಜವಾಬ್ದಾರಿ ವೆಸ್ಟ್ರಿ ಎಂಬ ಚುನಾಯಿತ ಮಂಡಳಿಯದು. ಅದರಲ್ಲಿ ಇಬ್ಬರು ವಾರ್ಡನ್‌ಗಳಿರುತ್ತಾರೆ: ಹಿರಿಯ ವಾರ್ಡನ್ ರೆಕ್ಟರ್ ಅವರಿಗೆ ಆಪ್ತ ಸಲಹೆಗಾರರಂತೆ, ಕಿರಿಯ ವಾರ್ಡನ್ ಸಾಮಾನ್ಯವಾಗಿ ಸೋರುವ ಚಾವಣಿ ಮತ್ತು ಕೆಟ್ಟುನಿಂತ ಬಾಯ್ಲರ್‌ಗಳ ಹೊಣೆಗಾರರು. ಹಲವೆಡೆ ಜನವರಿಯಲ್ಲಿ ನಡೆಯುವ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರವನ್ನು ಎಲ್ಲರ ಮುಂದೆ ಇಡುತ್ತಾರೆ. ಸಭೆಯ ನಿಜಸ್ಥಿತಿಯನ್ನು ಅರಿಯಬಯಸುವವರು ಒಂದು ವರ್ಷದ ಪ್ರಸಂಗಗಳನ್ನು ಕೇಳುವುದಕ್ಕಿಂತ ಆ ಒಂದು ಮಧ್ಯಾಹ್ನ ಕುಳಿತುಕೊಳ್ಳುವುದು ಲೇಸು.

ಕಾಣಿಕೆ ಎಷ್ಟು ಕೊಡಬೇಕು?

ಅತಿಥಿಗಳು ಏನನ್ನೂ ಕೊಡಬೇಕಾಗಿಲ್ಲ, ತಟ್ಟೆ ಮುಂದಕ್ಕೆ ದಾಟಿಸಿದರಾಯಿತು. ಸದಸ್ಯರು ಶರತ್ಕಾಲದಲ್ಲಿ ಬರುವ ವರ್ಷಕ್ಕೆ ಇಷ್ಟು ಕೊಡುತ್ತೇವೆಂದು ಚೀಟಿ ಬರೆದುಕೊಡುತ್ತಾರೆ. ಅಮೆರಿಕದಲ್ಲಿ ಸಭೆಗಳಿಗೆ ಸರ್ಕಾರದ ಸಂಬಳವಿಲ್ಲ, ಹೆಚ್ಚಿನವುಗಳಿಗೆ ಬಾಡಿಗೆ ಬರುವ ಆಸ್ತಿಯೂ ಇಲ್ಲ. ಆ ಚೀಟಿಗಳ ಮೊತ್ತವೇ ಬಜೆಟ್ಟಿನ ಬುನಾದಿ.

ವರ್ಷವು ಜನವರಿಯಲ್ಲಿ ಆರಂಭವಾಗದೆ ಆಗಮನ ಕಾಲದಿಂದ ಏಕೆ ಆರಂಭವಾಗುತ್ತದೆ?

ಆರಾಧನಾ ವರ್ಷವು ಕ್ರಿಸ್ತನ ಬದುಕಿನ ಕ್ರಮವನ್ನು ಅನುಸರಿಸುತ್ತದೆ, ಆದ್ದರಿಂದ ಅದು ಕಾಯುವಿಕೆಯಿಂದ ತೊಡಗುತ್ತದೆ. ಕ್ರಿಸ್ಮಸ್ಸಿನ ಹಿಂದಿನ ನಾಲ್ಕು ಭಾನುವಾರಗಳೇ ಆಗಮನ ಕಾಲ. ಹಸುರು ಕೊಂಬೆಗಳ ವೃತ್ತದಲ್ಲಿ ನಾಲ್ಕು ಬತ್ತಿಗಳಿದ್ದು, ವಾರಕ್ಕೆ ಒಂದರಂತೆ ಹೆಚ್ಚಿಸಿ ಹಚ್ಚುತ್ತಾರೆ. ವೇದಿಕೆಯ ಬಟ್ಟೆ ನೇರಳೆ ಅಥವಾ ನೀಲಿ.

ಕರ್ನಾಟಕದಲ್ಲಿ ಡಿಸೆಂಬರ್ ಎಂದರೆ ಹಿತವಾದ ಬಿಸಿಲು, ಅವರೆಕಾಯಿ, ಮದುವೆಗಳ ಓಡಾಟ. ಕತ್ತಲೆಯಲ್ಲಿ ನಡೆಯುವ ಜನರಿಗೆ ಬೆಳಕು ಕಂಡಿತು ಎಂಬ ಯೆಶಾಯನ ಮಾತನ್ನು ಅಲ್ಲಿ ಕೇಳುವಾಗ ಅದು ಕಾವ್ಯವಾಗಿ ಉಳಿಯುತ್ತದೆ. ಬಾಸ್ಟನ್ನಿನಲ್ಲೋ ಮಿನಿಯಾಪೊಲಿಸ್‌ನಲ್ಲೋ ಸಂಜೆ ನಾಲ್ಕೂವರೆಯ ಹೊತ್ತಿಗೇ ದೀಪ ಹಚ್ಚಬೇಕಾದ ದಿನಗಳಲ್ಲಿ, ಮೂಳೆ ಕೊರೆಯುವ ಚಳಿಯಲ್ಲಿ ಬಂದು ಅದೇ ವಾಕ್ಯವನ್ನು ಕೇಳಿದಾಗ, ಈ ಕಾಲದ ಹಾಡುಗಳು ಏಕೆ ಇಷ್ಟು ತಗ್ಗಿದ ದನಿಯಲ್ಲಿವೆ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ಅಂಗಡಿಗಳಲ್ಲಿ ನವೆಂಬರಿನಿಂದಲೇ ಕ್ರಿಸ್ಮಸ್ ಹಾಡುಗಳು ಮೊಳಗುತ್ತಿದ್ದರೂ ಸಭೆಯಲ್ಲಿ ಅವನ್ನು ಡಿಸೆಂಬರ್ 24ರ ಸಂಜೆಯವರೆಗೆ ಹಾಡದಿರುವ ಹಟ ಹಲವರದು. ಆ ಹಟ ನನಗೂ ಮೆಚ್ಚುಗೆಯೇ.

ಹಾಗಾದರೆ ಕ್ರಿಸ್ಮಸ್ ಎಷ್ಟು ದಿನ?

ಹನ್ನೆರಡು ದಿನ. ಡಿಸೆಂಬರ್ 25ರಂದು ತೊಡಗಿ, ಜನವರಿ 6ರ ಎಪಿಫನಿ ಹಬ್ಬಕ್ಕೆ, ಅಂದರೆ ಮೂಡಣದ ಜ್ಞಾನಿಗಳು ಕೂಸನ್ನು ಕಂಡ ದಿನಕ್ಕೆ, ಅದು ಮುಗಿಯುತ್ತದೆ. ಅಂದು ಕೆಲವರು ಮನೆಯ ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಹೊಸ ವರ್ಷದ ಅಂಕಿಗಳನ್ನೂ ಜ್ಞಾನಿಗಳ ಹೆಸರಿನ ಮೊದಲಕ್ಷರಗಳನ್ನೂ ಬರೆಯುತ್ತಾರೆ.

ಲೆಂಟ್ ಕಾಲದಲ್ಲಿ ಹಣೆಗೆ ಬೂದಿ ಹಚ್ಚುವುದೇಕೆ? ಉಪವಾಸ ಕಡ್ಡಾಯವೇ?

ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ, ಭಾನುವಾರಗಳನ್ನು ಬಿಟ್ಟು ನಲವತ್ತು ದಿನಗಳೇ ಲೆಂಟ್. ಹಿಂದಿನ ದಿನ, ಮಂಗಳವಾರದ ಸಂಜೆ, ಸಭಾಂಗಣದಲ್ಲಿ ಪ್ಯಾನ್‌ಕೇಕ್ ಊಟ ನಡೆಯುತ್ತದೆ. ಉಪವಾಸಕ್ಕೆ ಮೊದಲು ಮನೆಯಲ್ಲಿದ್ದ ಮೊಟ್ಟೆ, ಬೆಣ್ಣೆ, ಹಾಲನ್ನು ಬಳಸಿ ಮುಗಿಸುತ್ತಿದ್ದ ಇಂಗ್ಲೆಂಡಿನ ಹಳೆಯ ರೂಢಿ ಅದಕ್ಕೆ ಮೂಲ. ಮರುದಿನ ಯಾಜಕರು ಹೆಬ್ಬೆರಳಿನಿಂದ ಹಣೆಯ ಮೇಲೆ ಬೂದಿಯ ಶಿಲುಬೆಯನ್ನೆಳೆದು, ನೀನು ಮಣ್ಣು, ಮರಳಿ ಮಣ್ಣಿಗೆ ಸೇರುವೆ ಎಂಬುದನ್ನು ನೆನಪಿಡು ಎನ್ನುತ್ತಾರೆ. ಆ ಬೂದಿಯನ್ನು ಹಿಂದಿನ ವರ್ಷ ಗರಿಗಳ ಭಾನುವಾರದಂದು (ಈಸ್ಟರ್‌ಗೆ ಮುಂಚಿನ ಭಾನುವಾರ) ಕೈಯಲ್ಲಿ ಹಿಡಿದಿದ್ದ ಗರಿಗಳನ್ನೇ ಸುಟ್ಟು ಮಾಡುವ ಸಂಪ್ರದಾಯವಿದೆ. ಎಂಬತ್ತು ದಾಟಿದವರಿಗೂ ತೋಳಲ್ಲಿ ಮಲಗಿದ ಹಸುಗೂಸಿಗೂ ಅದೇ ಮಾತನ್ನು ಹೇಳುತ್ತಾರೆ. ಕೂಸಿನ ಹಣೆಯ ಮೇಲೆ ಬೂದಿ ಕಂಡಾಗ ತಾಯಂದಿರು ಮುಖ ತಿರುಗಿಸುವುದುಂಟು.

ಉಪವಾಸದ ಪ್ರಮಾಣವನ್ನು ಯಾರೂ ಅಳೆಯುವುದಿಲ್ಲ. ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಮದ್ಯ ಬಿಡುತ್ತಾರೆ, ಕೆಲವರು ಬಿಡುವುದರ ಬದಲು ಪ್ರಾರ್ಥನೆಯನ್ನೋ ದಾನವನ್ನೋ ಹೆಚ್ಚಿಸಿಕೊಳ್ಳುತ್ತಾರೆ. ಇಡೀ ಸಭೆ ಒಟ್ಟಾಗಿ ಬಿಡುವುದು, ದೇವರಿಗೆ ಸ್ತೋತ್ರ ಎಂಬರ್ಥದ ಹಲ್ಲೆಲೂಯ ಎಂಬ ಒಂದು ಪದವನ್ನು. ಈಸ್ಟರ್‌ವರೆಗೆ ಅದನ್ನು ಯಾರೂ ಹಾಡುವುದಿಲ್ಲ, ಉಚ್ಚರಿಸುವುದೂ ಇಲ್ಲ.

ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಒಂದೇ ಆರಾಧನೆಗೆ ಬರಲು ಸಾಧ್ಯವಾದರೆ ಯಾವುದಕ್ಕೆ ಬರಬೇಕು?

ಈಸ್ಟರ್ ಬೆಳಗಿನದಕ್ಕೆ ಎಂದು ಬಹುತೇಕರು ಹೇಳುತ್ತಾರೆ. ನನ್ನ ಉತ್ತರ, ಶನಿವಾರ ರಾತ್ರಿಯ ಜಾಗರಣೆಗೆ.

ಅದರ ಬೆಲೆ ತಿಳಿಯಬೇಕಾದರೆ ಗುರುವಾರ ರಾತ್ರಿ ನಡೆಯುವುದೇನೆಂದು ಗೊತ್ತಿರಬೇಕು. ಅಂದು ಕಾಲು ತೊಳೆಯುವ ವಿಧಿಯಿದೆ. ಜನರು ಒಬ್ಬರ ನಂತರ ಒಬ್ಬರು ಕುಳಿತು, ತಂಬಿಗೆಯ ಬಿಸಿನೀರಿನಲ್ಲಿ ಕಾಲು ತೊಳೆಸಿಕೊಂಡು, ಮುಂದಿನವರ ಕಾಲನ್ನು ತಾವು ತೊಳೆಯುತ್ತಾರೆ. ಬಂದ ಅತಿಥಿಯ ಕಾಲಿಗೆ ನೀರು ಕೊಡುವ ರೂಢಿಯನ್ನು ಕಂಡ ನಮಗೆ ಇದು ವಿಚಿತ್ರವೆನಿಸದಿದ್ದರೂ, ಅಮೆರಿಕದವರು ಕಾಲುಚೀಲ ಕಳಚುವಾಗ ಪಡುವ ನಾಚಿಕೆ ನೋಡುವಂಥದ್ದು. ಭೋಜನ ಮುಗಿದ ಮೇಲೆ, ಕೀರ್ತನೆ 22ನ್ನು ಓದುತ್ತಿರುವಂತೆ, ವೇದಿಕೆಯ ಮೇಲಿನ ಬಟ್ಟೆ, ಬತ್ತಿ, ಬಟ್ಟಲು, ಪುಸ್ತಕ ಒಂದೊಂದನ್ನೂ ಎತ್ತಿಕೊಂಡು ಹೋಗುತ್ತಾರೆ. ಬರಿಯ ಮರವೋ ಕಲ್ಲೋ ಉಳಿಯುತ್ತದೆ. ದೀಪಗಳು ಆರುತ್ತವೆ, ಆಶೀರ್ವಾದವಿಲ್ಲದೆ, ಮಾತಿಲ್ಲದೆ ಜನರು ಕತ್ತಲೆಯಲ್ಲಿ ಹೊರಟುಹೋಗುತ್ತಾರೆ. ಶುಭ ಶುಕ್ರವಾರದ ಆರಾಧನೆ ಆ ಬರಿದಾದ ವೇದಿಕೆಯ ಮುಂದೆಯೇ ನಡೆಯುತ್ತದೆ.

ಶನಿವಾರ ಕತ್ತಲಾದ ಮೇಲೆ ಸಭೆಯ ಹೊರಗೆ ಹೊಸ ಬೆಂಕಿಯನ್ನು ಹೊತ್ತಿಸುತ್ತಾರೆ. ಗಾಳಿಯಿದ್ದರೆ ಅದಕ್ಕೆ ಸಾಕಷ್ಟು ಹೆಣಗಬೇಕಾಗುತ್ತದೆ. ಅದರಿಂದ ಆಳೆತ್ತರದ ಈಸ್ಟರ್ ಬತ್ತಿಯನ್ನು ಹಚ್ಚಿ, ಕತ್ತಲು ತುಂಬಿದ ಆಲಯದೊಳಕ್ಕೆ ಒಯ್ಯುತ್ತಾರೆ, ಆ ಒಂದು ಜ್ವಾಲೆಯಿಂದ ಎಲ್ಲರ ಕೈಯ ಬತ್ತಿಗಳೂ ಹೊತ್ತಿಕೊಳ್ಳುತ್ತವೆ. ಸೃಷ್ಟಿಯ ಕಥೆ, ಕೆಂಪು ಸಮುದ್ರ ಇಬ್ಭಾಗವಾದ ಕಥೆ, ಎಚ್ಚೆತ್ತ ಒಣ ಎಲುಬುಗಳ ದರ್ಶನ ಆ ಮಂದ ಬೆಳಕಿನಲ್ಲಿ ಕೇಳಿಬರುತ್ತವೆ. ಆಮೇಲೆ ಒಮ್ಮೆಲೇ ದೀಪಗಳು ಹೊತ್ತಿ, ಆರ್ಗನ್ ಮೊಳಗಿ, ವಾರಗಟ್ಟಲೆ ಮುಚ್ಚಿಟ್ಟಿದ್ದ ಹಲ್ಲೆಲೂಯ ಹೊರಬರುತ್ತದೆ. ಆ ಕ್ಷಣಕ್ಕೆಂದು ಮನೆಯಿಂದ ಗಂಟೆ ತನ್ನಿ ಎಂದು ಹಲವು ಸಭೆಗಳಲ್ಲಿ ಮುಂಚೆಯೇ ತಿಳಿಸಿರುತ್ತಾರೆ. ಊರಿನಿಂದ ತಂದ ಹಿತ್ತಾಳೆಯ ಕೈಗಂಟೆ ಇದ್ದವರು ಅದನ್ನು ಧಾರಾಳವಾಗಿ ತರಬಹುದು.

ಈಸ್ಟರ್ ದಿನಾಂಕವು ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಹುಣ್ಣಿಮೆಯನ್ನು ಅನುಸರಿಸಿ ಬದಲಾಗುತ್ತದೆ. ಹಬ್ಬದ ಕಾಲ ಅಲ್ಲಿಂದ ಐವತ್ತು ದಿನ, ಪಂಚಾಶತ್ತಮ (ಪೆಂಟಕೋಸ್ಟ್) ದಿನದವರೆಗೆ.

ಪಂಚಾಶತ್ತಮದ ನಂತರದ ದೀರ್ಘ ಕಾಲದಲ್ಲಿ ವಿಶೇಷವೇನೂ ಇಲ್ಲವೇ?

ಅರ್ಧ ವರ್ಷದಷ್ಟು ಉದ್ದದ ಈ ಕಾಲದ ಬಣ್ಣ ಹಸುರು. ಬೇಸಿಗೆಯಲ್ಲಿ ಜನರು ರಜೆಗೆ ಹೋಗಿ, ಗಾಯಕವೃಂದ ಬಿಡುವು ಪಡೆದು, ಬೆಂಚುಗಳು ಖಾಲಿ ಹೊಡೆಯುತ್ತವೆ. ಸೆಪ್ಟೆಂಬರಿನಲ್ಲಿ ಶಾಲೆಗಳ ಜೊತೆಗೆ ಸಭೆಯೂ ಮತ್ತೆ ಚುರುಕಾಗುತ್ತದೆ. ಅಕ್ಟೋಬರ್ 4ರ ಸಂತ ಫ್ರಾನ್ಸಿಸನ ದಿನದ ಆಸುಪಾಸಿನಲ್ಲಿ ನಾಯಿ, ಬೆಕ್ಕು, ಆಮೆ, ಹಲ್ಲಿಯವರೆಗೆ ಸಾಕುಪ್ರಾಣಿಗಳನ್ನು ಕರೆತಂದು ಆಶೀರ್ವಾದ ಪಡೆಯುತ್ತಾರೆ. ನವೆಂಬರ್ 1ರ ಸಕಲ ಸಂತರ ದಿನಕ್ಕೆ ಹೊಂದಿಕೊಂಡ ಭಾನುವಾರ ಆ ವರ್ಷ ತೀರಿಹೋದವರ ಹೆಸರುಗಳನ್ನು ಓದುತ್ತಾರೆ. ಊರಿನಲ್ಲಿ ತೀರಿಕೊಂಡ ನಿಮ್ಮ ತಂದೆತಾಯಿಯರ ಹೆಸರನ್ನೂ ಬರೆದುಕೊಟ್ಟರೆ ಓದುತ್ತಾರೆ, ಆದರೆ ಉಚ್ಚಾರವನ್ನು ಮೊದಲೇ ಹೇಳಿಕೊಡುವುದು ಕ್ಷೇಮ. ಕರ್ನಾಟಕದ ಸಭೆಗಳ ಸುಗ್ಗಿ ಹಬ್ಬದ ಹರಾಜಿನ ಗದ್ದಲ, ಬಾಳೆಗೊನೆಗೆ ಕೂಗುವ ಬೆಲೆ ಇಲ್ಲಿ ಸಿಗುವುದಿಲ್ಲ. ಅದರ ಕೊರತೆ ನನಗೆ ಪ್ರತಿ ವರ್ಷವೂ ಕಾಡುತ್ತದೆ.

‘ಎಲ್ಲರಿಗೂ ಸ್ವಾಗತ’ ಎಂಬ ಮಾತು ಎಷ್ಟು ನಿಜ?

ಈ ಮಾತು ಯಾವಾಗಲೂ ನಿಜವಾಗಿರಲಿಲ್ಲ. ಗುಲಾಮಗಿರಿಯ ಕಾಲದಲ್ಲಿ ಸಭೆಯ ಬಿಷಪ್ಪರು ಮತ್ತು ಸದಸ್ಯರಲ್ಲಿ ಗುಲಾಮರನ್ನು ಇಟ್ಟುಕೊಂಡವರಿದ್ದರು. ಸ್ವತಃ ಗುಲಾಮರಾಗಿ ಹುಟ್ಟಿದ ಅಬ್ಸಲೋಮ್ ಜೋನ್ಸ್ ಅವರು ಈ ಸಭೆಯ ಮೊದಲ ಕಪ್ಪು ಯಾಜಕರಾದರು. ಫಿಲಡೆಲ್ಫಿಯಾದಲ್ಲಿ ಅವರು ನಡೆಸಿದ ಸೇಂಟ್ ಥಾಮಸ್ ಸಭೆಯಲ್ಲಿಯೇ, 2008ರ ಅಕ್ಟೋಬರಿನಲ್ಲಿ, ಎಪಿಸ್ಕೋಪಲ್ ಸಭೆ ಗುಲಾಮಗಿರಿಯಲ್ಲಿ ತನ್ನ ಪಾಲಿಗಾಗಿ ವಿಧಿವತ್ತಾಗಿ ಕ್ಷಮೆ ಕೇಳಿತು. ಮಹಿಳೆಯರ ಯಾಜಕದೀಕ್ಷೆಗೆ 1976ರ ಮಹಾಸಮ್ಮೇಳನ ಒಪ್ಪಿಗೆ ನೀಡುವುದಕ್ಕೂ ಎರಡು ವರ್ಷ ಮೊದಲೇ ಹನ್ನೊಂದು ಮಹಿಳೆಯರು ನಿಯಮ ಮೀರಿ ದೀಕ್ಷೆ ಪಡೆದಿದ್ದರು. 1989ರಲ್ಲಿ ಬಾರ್ಬರಾ ಹ್ಯಾರಿಸ್ ಅವರು ಇಡೀ ಆಂಗ್ಲಿಕನ್ ಒಕ್ಕೂಟದ ಮೊದಲ ಮಹಿಳಾ ಬಿಷಪ್ ಆದರು, ನಮ್ಮ ಸಿ.ಎಸ್.ಐ.ನಲ್ಲಿ 2013ರಲ್ಲಿ ನಂದ್ಯಾಲದ ಪುಷ್ಪಲಲಿತಾ ಅವರು ಆ ಸ್ಥಾನಕ್ಕೇರಿದರು. ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡಿದ್ದ ಜೀನ್ ರಾಬಿನ್ಸನ್ ಅವರು 2003ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಬಿಷಪ್ ಆದದ್ದರಿಂದಲೂ, 2015ರಲ್ಲಿ ಸಲಿಂಗ ವಿವಾಹಕ್ಕೆ ಆರಾಧನಾ ವಿಧಿಗಳು ಬಂದದ್ದರಿಂದಲೂ ಅನೇಕರು ನೆಮ್ಮದಿ ಕಂಡರು, ಅನೇಕರು ಸಭೆಯನ್ನೇ ತೊರೆದರು. ಇವನ್ನು ಒಪ್ಪದವರು ಇಂದಿಗೂ ಕೆಲವು ಸಭೆಗಳಲ್ಲಿ ಅದೇ ಬೆಂಚಿನಲ್ಲಿ ಕುಳಿತು ಅದೇ ಬಟ್ಟಲನ್ನು ಹಂಚಿಕೊಳ್ಳುತ್ತಾರೆ.

ಹೊಸಬರಿಗೆ ಇದರ ಪರೀಕ್ಷೆ ಸಣ್ಣ ವಿಷಯಗಳಲ್ಲಿ ಆಗುತ್ತದೆ. ಬಾಗಿಲಲ್ಲಿ ನಕ್ಕು ಸ್ವಾಗತಿಸುವುದು ಸುಲಭ; ಮೂರನೆಯ ವಾರವೂ ನಿಮ್ಮ ಹೆಸರನ್ನು ಸರಿಯಾಗಿ ಹೇಳಲು ಪ್ರಯತ್ನಿಸುತ್ತಾರೆಯೇ, ಕೆಲಸಕ್ಕೆ ಕರೆಯುತ್ತಾರೆಯೇ, ನಿಮ್ಮ ಅಭಿಪ್ರಾಯಕ್ಕೆ ವೆಸ್ಟ್ರಿಯಲ್ಲಿ ಜಾಗವಿದೆಯೇ ಎಂಬುದನ್ನು ನೋಡಬೇಕು.

ಏನಾದರೂ ಸೇವೆ ಮಾಡಬೇಕೆಂದರೆ ಎಲ್ಲಿಂದ ಆರಂಭಿಸುವುದು?

ಪಾಠ ಓದುವುದು, ಬಾಗಿಲಲ್ಲಿ ನಿಲ್ಲುವುದು, ಆಹಾರ ಭಂಡಾರದಲ್ಲಿ ಚೀಲ ತುಂಬುವುದು ಎಲ್ಲರಿಗೂ ತೆರೆದಿವೆ. ಮಾತಿನಲ್ಲಿ ಸಂಕೋಚವಿರುವವರಿಗೆ ಆಲ್ಟರ್ ಗಿಲ್ಡ್ ಒಳ್ಳೆಯದು. ಇವರು ಶನಿವಾರ ಬಂದು ವೇದಿಕೆಯನ್ನು ಅಣಿಗೊಳಿಸುತ್ತಾರೆ, ಭಾನುವಾರ ಎಲ್ಲವನ್ನೂ ತೊಳೆದಿಡುತ್ತಾರೆ. ಬಟ್ಟಲಿನ ಅಂಚನ್ನು ಒರೆಸಿದ ನಾರುಬಟ್ಟೆಗಳನ್ನು ಮೊದಲು ನೆನೆಸಿದ ನೀರನ್ನು ಇವರು ಚರಂಡಿಗೆ ಬಿಡುವುದಿಲ್ಲ. ಅದರಲ್ಲಿ ಪವಿತ್ರ ದ್ರಾಕ್ಷಾರಸದ ಅಂಶ ಇರುವುದರಿಂದ ಹೊರಗೆ ಒಯ್ದು ಮಣ್ಣಿಗೆ, ಗಿಡದ ಬುಡಕ್ಕೆ ಸುರಿಯುತ್ತಾರೆ. ತೀರ್ಥವನ್ನು ತುಳಿಯುವ ಜಾಗಕ್ಕೆ ಚೆಲ್ಲಬಾರದೆಂದು ಅಜ್ಜಿಯರಿಂದ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಆಮೇಲೆ ಬಟ್ಟೆಗಳು ಒದ್ದೆಯಿರುವಾಗಲೇ ಇಸ್ತ್ರಿ ಮಾಡಿ, ಶಿಲುಬೆಯ ಕಸೂತಿ ಮೇಲೆ ಬರುವಂತೆ ಮೂರು ಮಡಿಕೆಯಾಗಿ ಮಡಚುತ್ತಾರೆ.

ಮಕ್ಕಳನ್ನು ಕರೆತರಬಹುದೇ?

ಕರೆತನ್ನಿ, ಅತ್ತರೂ ಪರವಾಗಿಲ್ಲ. ಭಾನುವಾರದ ಶಾಲೆಯಿದೆ, ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಹಿನ್ನೆಲೆ ಪರಿಶೀಲನೆ ಮತ್ತು ತರಬೇತಿ ಕಡ್ಡಾಯ. ತುಸು ದೊಡ್ಡವರು ನಿಲುವಂಗಿ ತೊಟ್ಟು, ಬತ್ತಿ ಹಿಡಿದು ಮೆರವಣಿಗೆಯಲ್ಲಿ ನಡೆಯಬಹುದು.

ಸಿ.ಎಸ್.ಐ. ಸದಸ್ಯರು ಇಲ್ಲಿ ಸೇರಲು ಮತ್ತೆ ದೀಕ್ಷಾಸ್ನಾನ ಪಡೆಯಬೇಕೇ?

ಬೇಡ. ದೀಕ್ಷಾಸ್ನಾನ ಜೀವನದಲ್ಲಿ ಒಂದೇ ಬಾರಿ ಎಂಬುದು ಎರಡೂ ಸಭೆಗಳ ನಂಬಿಕೆ. ಊರಿನ ಸಭೆಯಿಂದ ಸದಸ್ಯತ್ವದ ಪತ್ರವನ್ನು ತರಿಸಿಕೊಟ್ಟರೆ ದಾಖಲೆಗೆ ಅನುಕೂಲ.

ಮೊದಲ ಬಾರಿ ಬರಲು ಯಾವ ಭಾನುವಾರ ಒಳ್ಳೆಯದು?

ಕ್ರಿಸ್ಮಸ್ ಹಿಂದಿನ ರಾತ್ರಿಯೂ ಈಸ್ಟರ್ ಬೆಳಗೂ ಕಣ್ಣಿಗೆ ಹಬ್ಬವಾದರೂ, ಆ ದಿನಗಳ ನೂಕುನುಗ್ಗಲಿನಲ್ಲಿ ನಿಮ್ಮ ಜೊತೆ ಐದು ನಿಮಿಷ ಕುಳಿತು ಮಾತಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಸೆಪ್ಟೆಂಬರಿನ ಕೊನೆಯ ಅಥವಾ ಅಕ್ಟೋಬರಿನ ಯಾವುದಾದರೂ ಸಾಮಾನ್ಯ ಹಸುರು ಭಾನುವಾರ ಬಂದರೆ ಸಭೆ ಇದ್ದಂತೆಯೇ ಕಾಣುತ್ತದೆ, ಮತ್ತು ಅಲ್ಲಿಂದ ಆಗಮನ ಕಾಲಕ್ಕೆ ಇನ್ನೂ ಕೆಲವು ವಾರಗಳಿರುವುದರಿಂದ ಹೊಸ ವರ್ಷವನ್ನು ಪರಿಚಿತ ಮುಖಗಳ ನಡುವೆ ಆರಂಭಿಸಬಹುದು. ಲೆಂಟ್ ಕಾಲದಲ್ಲಿ ಬರುವವರು ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅಮೆರಿಕದ ಬಹುಭಾಗದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆಂಬುದನ್ನು ಮರೆಯಬಾರದು. ಅಂದು ಹತ್ತು ಗಂಟೆಯ ಆರಾಧನೆಗೆಂದು ಹೊರಟವರು ಕಾಫಿಗೆ ಬಂದು ತಲುಪುತ್ತಾರೆ.